ಕೊಳವೆಬಾವಿಗೆ ಕಾಣದ ಗೋಡೆ: ಪಂಪಿಂಗ್ ಪರೀಕ್ಷೆ ಹೇಳುವ ಸತ್ಯ

ಬೆಂಗಳೂರು: ಕೊರೆದ ದಿನ ಮೂರು ಇಂಚು ನೀರು, ಬೇಸಿಗೆಯ ಹೊತ್ತಿಗೆ ಬರೀ ಗಾಳಿ. ರಾಜ್ಯದ ಒಳನಾಡಿನಲ್ಲಿ ಕೊಳವೆಬಾವಿ ಕೊರೆಸಿದವರಲ್ಲಿ ಈ ಅನುಭವ ಇಲ್ಲದವರು ವಿರಳ. ಮಳೆ ಕೈಕೊಟ್ಟಿತು, ಅಂತರ್ಜಲ ಪಾತಾಳ ಸೇರಿತು ಎಂಬ ಕಾರಣಗಳನ್ನು ಎಲ್ಲರೂ ಬಲ್ಲರು. ಅವು ಸುಳ್ಳಲ್ಲ. ಆದರೆ ಅನೇಕ ಸಂದರ್ಭಗಳಲ್ಲಿ ಬಾವಿ ಸೋಲುವ ಮುನ್ಸೂಚನೆ ಮೊದಲ ಒಂದೆರಡು ದಿನಗಳಲ್ಲೇ ದೊರೆಯಬಹುದು. ಅದನ್ನು ತಿಳಿಸಬೇಕಾದ ಪರೀಕ್ಷೆಯನ್ನು ಒಂದೋ ಅರ್ಧಕ್ಕೆ ನಿಲ್ಲಿಸಲಾಗಿರುತ್ತದೆ, ಇಲ್ಲವೇ ನಡೆಸಿಯೇ ಇರುವುದಿಲ್ಲ.

ರಾಜಧಾನಿಯಲ್ಲಿದ್ದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2024ರ ಮಾರ್ಚ್‌ನಲ್ಲಿ ತಿಳಿಸಿದ್ದರು. ಖಾಸಗಿ ಬಾವಿಗಳ ಮಾತು ಬೇರೆಯೇ. ಪ್ರತಿಯೊಂದು ಬತ್ತಿದ ಬಾವಿಯ ಹಿಂದೆಯೂ ಲಕ್ಷಾಂತರ ರೂಪಾಯಿ ವೆಚ್ಚವಿದೆ. ಹೀಗಿರುವಾಗ, ನೆಲದಡಿಯ ನೀರು ಎಷ್ಟು ದಿನ ಬಂದೀತು ಎಂಬುದನ್ನು ಅಳೆಯುವ ಬಗೆ ಯಾವುದು, ಆ ಅಳತೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಅರಿಯುವುದು ಅಗತ್ಯ.

ಇಂಚಿನ ಲೆಕ್ಕ: ಕೊಳವೆಬಾವಿ ಕೊರೆದ ತಕ್ಷಣ ರಿಗ್‌ನ ಕಂಪ್ರೆಸರ್ ಗಾಳಿಯ ಒತ್ತಡದಿಂದ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಆ ನೀರನ್ನು 'ವಿ' ಆಕಾರದ ಕಚ್ಚು ಇರುವ ತಗಡಿನ ಮೂಲಕ ಹರಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದನ್ನು ಇಂಚುಗಳಲ್ಲಿ ಹೇಳುವುದು ರೂಢಿ. ಸಮಕೋನದ ಕಚ್ಚಿನಲ್ಲಿ ಎರಡು ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಮೂರು ಇಂಚು ಎಂದರೆ ಸುಮಾರು 8 ಸಾವಿರ ಲೀಟರ್. ಇಂಚು ಒಂದೂವರೆ ಪಟ್ಟಾದರೆ ನೀರು ಎರಡೂಮುಕ್ಕಾಲು ಪಟ್ಟಾಗುತ್ತದೆ ಎಂಬುದು ಇಲ್ಲಿನ ಮೊದಲ ಸೂಕ್ಷ್ಮ.

ಎರಡನೆಯದು ಇನ್ನೂ ಮುಖ್ಯ. ಈ ಅಳತೆ ಆ ಕ್ಷಣದ ಹರಿವನ್ನು ಮಾತ್ರ ಹೇಳುತ್ತದೆ. ಬಾವಿಯ ಸುತ್ತಲಿನ ಕೆಲವೇ ಮೀಟರ್ ದೂರದ ಬಿರುಕುಗಳಲ್ಲಿ ನಿಂತಿದ್ದ ನೀರು ಅದು. ಆ ಬಿರುಕುಗಳು ನೂರು ಮೀಟರ್ ಆಚೆಗೂ ಸಾಗುತ್ತವೆಯೇ ಅಥವಾ ಅಲ್ಲಿಯೇ ಕೊನೆಗೊಳ್ಳುತ್ತವೆಯೇ ಎಂಬ ಬಗ್ಗೆ ಇಂಚಿನ ಲೆಕ್ಕ ಮೌನ ವಹಿಸುತ್ತದೆ.

ಏನಿದು ಪಂಪಿಂಗ್ ಪರೀಕ್ಷೆ?: ಇದಕ್ಕೆ ಉತ್ತರ ನೀಡುವುದೇ ಪಂಪಿಂಗ್ ಪರೀಕ್ಷೆ. ಬಾವಿಯಿಂದ ಒಂದೇ ಪ್ರಮಾಣದಲ್ಲಿ, ನಿಲ್ಲಿಸದೆ ನೀರೆತ್ತಲಾಗುತ್ತದೆ. ಅದೇ ವೇಳೆಗೆ ಆ ಬಾವಿಯಲ್ಲಿಯೂ, ಸಾಧ್ಯವಾದರೆ ಸಮೀಪದ ಇನ್ನೊಂದು ಬಾವಿಯಲ್ಲಿಯೂ ನೀರಿನ ಮಟ್ಟ ಎಷ್ಟು ಇಳಿಯಿತು ಎಂಬುದನ್ನು ಅಳೆಯಲಾಗುತ್ತದೆ. ಎರಡನೆಯದಕ್ಕೆ ವೀಕ್ಷಣಾ ಬಾವಿ ಎಂದು ಹೆಸರು. ಆರಂಭದಲ್ಲಿ ನಿಮಿಷಕ್ಕೊಮ್ಮೆ, ನಂತರ ಹತ್ತು ನಿಮಿಷಕ್ಕೊಮ್ಮೆ, ಕೊನೆಗೆ ಗಂಟೆಗೊಮ್ಮೆ ಮಟ್ಟವನ್ನು ಬರೆದುಕೊಳ್ಳಲಾಗುತ್ತದೆ. ಪಂಪ್ ನಿಲ್ಲಿಸಿದ ಬಳಿಕ ಮಟ್ಟ ಮತ್ತೆ ಏರುವುದನ್ನೂ ಹಾಗೆಯೇ ದಾಖಲಿಸಲಾಗುತ್ತದೆ.

ನೀರೆತ್ತಿದಂತೆ ಬಾವಿಯ ಸುತ್ತ ಜಲಮಟ್ಟ ತಲೆಕೆಳಗಾದ ಶಂಕುವಿನ ಆಕಾರದಲ್ಲಿ ಕುಸಿಯುತ್ತದೆ. ಈ ಇಳಿತದ ಶಂಕು ಹೊತ್ತು ಕಳೆದಂತೆ ಹೊರಕ್ಕೆ ಹರಡುತ್ತ ದೂರದ ನೀರನ್ನೂ ಬಾವಿಯತ್ತ ಎಳೆಯುತ್ತದೆ. ಅದು ಹರಡುವ ವೇಗವು ಆ ಜಲಸ್ತರದ ಎರಡು ಗುಣಗಳನ್ನು ಅವಲಂಬಿಸಿದೆ. ನೀರನ್ನು ಸಾಗಿಸುವ ಸಾಮರ್ಥ್ಯ ಒಂದು, ನೀರನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಇನ್ನೊಂದು. ಜಲಮಟ್ಟದ ದಾಖಲೆಯಿಂದ ಈ ಎರಡನ್ನೂ ಲೆಕ್ಕಹಾಕಬಹುದು.

ಈ ಲೆಕ್ಕಕ್ಕೆ ತಳಹದಿ ಹಾಕಿದವರು ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಚಾರ್ಲ್ಸ್ ವೆರ್ನನ್ ಥೈಸ್. ನೆಲದಡಿ ನೀರು ಹರಿಯುವ ಪರಿಯು ಘನವಸ್ತುವಿನಲ್ಲಿ ಶಾಖ ಹರಿಯುವ ಪರಿಯನ್ನೇ ಹೋಲುತ್ತದೆ ಎಂಬುದನ್ನು ಕಂಡ ಅವರು, ಗಣಿತಜ್ಞ ಕ್ಲಾರೆನ್ಸ್ ಲೂಬಿನ್ ಅವರ ನೆರವಿನಿಂದ 1935ರಲ್ಲಿ ಸೂತ್ರವೊಂದನ್ನು ಪ್ರಕಟಿಸಿದರು. 1946ರಲ್ಲಿ ಕೂಪರ್ ಮತ್ತು ಜೇಕಬ್ ಅದನ್ನು ಇನ್ನಷ್ಟು ಸರಳಗೊಳಿಸಿದರು. ಕಾಲವನ್ನು 1, 10, 100, 1,000 ನಿಮಿಷ ಎಂದು ಹತ್ತರ ಗುಣಕಗಳು ಸಮಾನ ಅಂತರದಲ್ಲಿ ಬರುವಂತೆ ಗುರುತಿಸಿದ ಹಾಳೆಯಲ್ಲಿ ಇಳಿತವನ್ನು ಬರೆದರೆ, ಆರಂಭದ ಸ್ವಲ್ಪ ಹೊತ್ತು ಕಳೆದ ಮೇಲೆ ಅದು ಸರಳರೇಖೆಯಾಗುತ್ತದೆ ಎಂದು ಅವರು ತೋರಿಸಿದರು. ಆ ರೇಖೆಯ ಇಳಿಜಾರಿನಿಂದಲೇ ಜಲಸ್ತರದ ಸಾಗಣಾ ಸಾಮರ್ಥ್ಯ ತಿಳಿಯುತ್ತದೆ.

ಅನಂತವಲ್ಲದ ನೆಲ: ಥೈಸ್ ಸೂತ್ರದಲ್ಲಿ ಒಂದು ಷರತ್ತಿದೆ. ಜಲಸ್ತರವು ಎಲ್ಲ ದಿಕ್ಕುಗಳಲ್ಲಿಯೂ ಕೊನೆಯಿಲ್ಲದೆ ಹರಡಿದೆ ಎಂದು ಅದು ಭಾವಿಸುತ್ತದೆ. ವಿಶಾಲವಾದ ಮೆಕ್ಕಲು ಬಯಲುಗಳಲ್ಲಿ ಈ ಭಾವನೆ ಸತ್ಯಕ್ಕೆ ಹತ್ತಿರ. ಕರ್ನಾಟಕದ ಬಹುಭಾಗದಲ್ಲಿ ಹಾಗಲ್ಲ. ಇಲ್ಲಿನ ಒಳನಾಡು ಗ್ರಾನೈಟ್, ನೈಸ್, ಶಿಸ್ಟ್ ಮುಂತಾದ ಗಟ್ಟಿ ಶಿಲೆಗಳ ನಾಡು, ಉತ್ತರದಲ್ಲಿ ಬಸಾಲ್ಟ್. ನೀರು ಇರುವುದು ಮೇಲಿನ ಶಿಥಿಲಗೊಂಡ ಶಿಲಾಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಬಿರುಕುಗಳ ಜಾಲ ಒಂದೆಡೆ ದಟ್ಟವಾಗಿದ್ದರೆ ಸ್ವಲ್ಪ ದೂರದಲ್ಲಿ ಇಲ್ಲವೇ ಇಲ್ಲ.

ಇದರ ಜತೆಗೆ ಡೈಕ್‌ಗಳಿವೆ. ಹಳೆಯ ಶಿಲೆಯ ಸೀಳುಗಳಿಗೆ ಕೆಳಗಿನಿಂದ ನುಗ್ಗಿದ ಶಿಲಾದ್ರವ ಗೋಡೆಯಂತೆ ಹೆಪ್ಪುಗಟ್ಟಿ ಉಂಟಾದ ರಚನೆಗಳಿವು. ಬೆಂಗಳೂರಿನ ಸುತ್ತಮುತ್ತ ಪೂರ್ವ–ಪಶ್ಚಿಮವಾಗಿ ಹಾದುಹೋಗುವ ಡೈಕ್ ಸಮೂಹದ ವಯಸ್ಸು ಸುಮಾರು 237 ಕೋಟಿ ವರ್ಷ. ಹೊಲಗಳ ನಡುವೆ ಸಾಲಾಗಿ ತಲೆಯೆತ್ತಿದ ಕರಿಕಲ್ಲಿನ ಗುಂಡುಗಳು ಹಲವೆಡೆ ಇವುಗಳ ಗುರುತು. ಬಿರುಕಿಲ್ಲದ ಡೈಕ್ ಭೂಮಿಯೊಳಗಿನ ಅಣೆಕಟ್ಟೆಯಿದ್ದಂತೆ. ನೀರು ಅದನ್ನು ದಾಟದು. ಆದರೆ ಅಂಚುಗಳು ಬಿರುಕುಬಿಟ್ಟಿದ್ದರೆ ಅದೇ ಡೈಕ್‌ನ ಪಕ್ಕದಲ್ಲಿ ಒಳ್ಳೆಯ ನೀರು ದೊರೆಯುವುದೂ ಉಂಟು. ಆದ್ದರಿಂದ ಕಲ್ಲನ್ನು ನೋಡಿ ತೀರ್ಮಾನಿಸುವಂತಿಲ್ಲ, ನೀರೆತ್ತಿಯೇ ನೋಡಬೇಕು.

ಕನ್ನಡಿಯೊಳಗಿನ ಬಾವಿ: ಇಳಿತದ ಶಂಕು ಹರಡುತ್ತ ಹರಡುತ್ತ ಇಂಥ ಗೋಡೆಯನ್ನು ಮುಟ್ಟಿದಾಗ ಏನಾಗುತ್ತದೆ? ಆ ದಿಕ್ಕಿನಿಂದ ಇನ್ನು ನೀರಿಲ್ಲ. ಪಂಪ್ ಮಾತ್ರ ಮೊದಲಿನಷ್ಟೇ ನೀರನ್ನು ಕೇಳುತ್ತಿರುತ್ತದೆ. ಕೊರತೆಯನ್ನು ತುಂಬಲು ಉಳಿದ ದಿಕ್ಕುಗಳಲ್ಲಿ ಜಲಮಟ್ಟ ಹೆಚ್ಚು ವೇಗವಾಗಿ ಕುಸಿಯಬೇಕಾಗುತ್ತದೆ.

ಇದನ್ನು ಲೆಕ್ಕಕ್ಕೆ ತರುವ ಉಪಾಯ ಸೊಗಸಾದುದು. ಗೋಡೆಯನ್ನು ಕನ್ನಡಿ ಎಂದು ಭಾವಿಸುವುದು. ಬಾವಿಯು ಕನ್ನಡಿಯಿಂದ ಎಷ್ಟು ದೂರದಲ್ಲಿದೆಯೋ, ಕನ್ನಡಿಯ ಆಚೆ ಅಷ್ಟೇ ದೂರದಲ್ಲಿ ಅದರ ಪ್ರತಿಬಿಂಬವಿದೆ. ಆ ಪ್ರತಿಬಿಂಬ ಬಾವಿಯಿಂದಲೂ ಅಷ್ಟೇ ಪ್ರಮಾಣದ ನೀರನ್ನು ಎತ್ತಲಾಗುತ್ತಿದೆ ಎಂದುಕೊಳ್ಳುವುದು. ಎರಡೂ ಬಾವಿಗಳ ಎಳೆತ ಸಮನಾಗಿರುವುದರಿಂದ ನಡುವಿನ ಗೆರೆಯನ್ನು ಯಾವ ನೀರೂ ದಾಟದು. ಗೋಡೆ ಮಾಡುವ ಕೆಲಸವೂ ಅದೇ ಅಲ್ಲವೇ? ಹಾಗಾಗಿ ಗೋಡೆಯನ್ನು ಮರೆತು, ಎರಡು ಬಾವಿಗಳ ಇಳಿತವನ್ನು ಥೈಸ್ ಸೂತ್ರದಿಂದಲೇ ಲೆಕ್ಕಹಾಕಿ ಕೂಡಿದರೆ ಸಾಕು. ವಿದ್ಯುತ್ ಶಾಸ್ತ್ರದಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, 19ನೇ ಶತಮಾನದ ಮಧ್ಯಭಾಗದಲ್ಲಿ ಬಳಸಿದ್ದ ವಿಧಾನವಿದು.

ಫಲಿತಾಂಶ ಹಾಳೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಒಂದು ಗೋಡೆ ಅಡ್ಡ ಬಂದರೆ ಸರಳರೇಖೆಯ ಇಳಿಜಾರು ಇಮ್ಮಡಿಯಾಗುತ್ತದೆ. ಒಂದಕ್ಕೊಂದು ಲಂಬವಾದ ಎರಡು ಗೋಡೆಗಳ ಮೂಲೆಯಲ್ಲಿ ಬಾವಿಯಿದ್ದರೆ ಮೂರು ಪ್ರತಿಬಿಂಬಗಳು ಹುಟ್ಟಿ, ಇಳಿಜಾರು ಕೊನೆಗೆ ನಾಲ್ಕು ಪಟ್ಟಾಗುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡರೆ, ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳಲ್ಲಿ ಕಾಣುವಂತೆ, ಪ್ರತಿಬಿಂಬಗಳಿಗೆ ಕೊನೆಯೇ ಇಲ್ಲ.

ಹತ್ತೊಂಬತ್ತು ವರ್ಷವೋ, ನಾಲ್ಕು ದಿನವೋ?: ಇಳಿಜಾರು ಇಮ್ಮಡಿಯಾಗುವುದು ಕೇಳಲು ಸಣ್ಣ ಸಂಗತಿ ಎನಿಸಬಹುದು. ಒಂದು ಕಾಲ್ಪನಿಕ ಬಾವಿಯ ಸರಳ ಲೆಕ್ಕ ನೋಡಿದರೆ ಅದರ ಗಾಂಭೀರ್ಯ ತಿಳಿಯುತ್ತದೆ. ಸೆಕೆಂಡಿಗೆ 2 ಲೀಟರ್‌ನಂತೆ ನೀರೆತ್ತುವ ಬಾವಿಯಲ್ಲಿ ಜಲಮಟ್ಟವು 10 ನಿಮಿಷಕ್ಕೆ 6 ಮೀಟರ್, 100 ನಿಮಿಷಕ್ಕೆ 8 ಮೀಟರ್ ಇಳಿಯಿತು ಎಂದುಕೊಳ್ಳೋಣ. ಅಂದರೆ ಕಾಲ ಹತ್ತು ಪಟ್ಟಾದಾಗಲೆಲ್ಲ 2 ಮೀಟರ್ ಇಳಿತ. ಪಂಪ್‌ನ ಮೇಲೆ ಇರುವ ನೀರು 18 ಮೀಟರ್. ನೂರು ನಿಮಿಷಕ್ಕೇ ಪರೀಕ್ಷೆ ನಿಲ್ಲಿಸಿ ಅದೇ ರೇಖೆಯನ್ನು ಮುಂದಕ್ಕೆ ಎಳೆದರೆ, ಹಗಲಿರುಳು ಪಂಪ್ ಓಡಿಸಿದರೂ ನೀರು ಪಂಪ್‌ನ ಮಟ್ಟ ತಲುಪಲು ಒಂದು ಕೋಟಿ ನಿಮಿಷ, ಅಂದರೆ 19 ವರ್ಷ ಬೇಕು!

ನೂರನೆಯ ನಿಮಿಷದ ಬಳಿಕ ಒಂದು ಗೋಡೆ ಎದುರಾಗಿ ಇಳಿಜಾರು 4 ಮೀಟರ್ ಆಯಿತು ಎಂದಾದರೆ, ಅದೇ 18 ಮೀಟರ್ ಇಳಿಯಲು ಸುಮಾರು 22 ದಿನ ಸಾಕು. ಸಾವಿರ ನಿಮಿಷದ ಬಳಿಕ ಇನ್ನೊಂದು ಗೋಡೆ ಲಂಬವಾಗಿ ಎದುರಾಗಿ ಇಳಿಜಾರು 8 ಮೀಟರ್‌ಗೆ ಏರಿದರೆ ನಾಲ್ಕೇ ದಿನ. ಬಾವಿ ಅದೇ, ಪಂಪ್ ಅದೇ, ಮೊದಲ ನೂರು ನಿಮಿಷಗಳ ದಾಖಲೆಯೂ ಅದೇ. ವ್ಯತ್ಯಾಸವಿರುವುದು ಕಾಣದ ಗೋಡೆಗಳಲ್ಲಿ. ನಿಜಜೀವನದಲ್ಲಿ ಪಂಪ್‌ಗೆ ವಿರಾಮವಿರುತ್ತದೆ, ಮಳೆಯ ಮರುಪೂರಣವೂ ಇರುತ್ತದೆ. ಆದರೂ 19 ವರ್ಷದ ಭರವಸೆ ಮತ್ತು ನಾಲ್ಕು ದಿನದ ವಾಸ್ತವದ ನಡುವಿನ ಅಂತರ ನಿರ್ಲಕ್ಷಿಸುವಂಥದಲ್ಲ.

ಅಲ್ಪಾವಧಿಯ ಪರೀಕ್ಷೆ ಏಕೆ ಸಾಲದು ಎಂಬುದಕ್ಕೂ ಗಣಿತವೇ ಉತ್ತರ ಹೇಳುತ್ತದೆ. ಗೋಡೆಯ ದೂರ ಇಮ್ಮಡಿಯಾದರೆ ಅದರ ಪ್ರಭಾವ ಗೋಚರಿಸಲು ಬೇಕಾದ ಸಮಯ ನಾಲ್ಕು ಪಟ್ಟಾಗುತ್ತದೆ. 50 ಮೀಟರ್ ದೂರದ ಗೋಡೆ ಒಂದು ಗಂಟೆಗೆ ಗೋಚರಿಸುವ ನೆಲದಲ್ಲಿ, 250 ಮೀಟರ್ ದೂರದ ಗೋಡೆ ಗೋಚರಿಸಲು 25 ಗಂಟೆ ಬೇಕು. ಪಂಪಿಂಗ್ ಪರೀಕ್ಷೆಗಳ ವಿಶ್ಲೇಷಣೆಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ರೂಸೆಮನ್ ಮತ್ತು ಡಿ ರಿಡ್ಡರ್ ಅವರ ಕೈಪಿಡಿಯು, ಮೇಲೆ ಕೆಳಗೆ ಮುಚ್ಚಿದ ಜಲಸ್ತರಕ್ಕೆ 24 ಗಂಟೆ, ಮೇಲ್ಭಾಗ ತೆರೆದ ಜಲಸ್ತರಕ್ಕೆ ಮೂರು ದಿನಗಳ ಪರೀಕ್ಷೆಯನ್ನು ಸೂಚಿಸುವುದು ಸುಮ್ಮನೆ ಅಲ್ಲ.

ಗೋಡೆ ಎಲ್ಲಿದೆ?: ಗೋಡೆ ಇದೆ ಎಂಬುದಷ್ಟೇ ಅಲ್ಲ, ಎಷ್ಟು ದೂರದಲ್ಲಿದೆ ಎಂಬುದನ್ನೂ ಇದೇ ದಾಖಲೆಯಿಂದ ಅಂದಾಜಿಸಬಹುದು. ಬಾವಿಯಿಂದ 30 ಮೀಟರ್ ದೂರದ ವೀಕ್ಷಣಾ ಬಾವಿಯಲ್ಲಿ ಪಂಪ್ ಆರಂಭಿಸಿದ 10 ನಿಮಿಷಕ್ಕೆ ಅರ್ಧ ಮೀಟರ್ ಇಳಿತ ಕಂಡಿತು ಎನ್ನೋಣ. ಮುಂದೆ ರೇಖೆ ಬಾಗಿ, ಮೊದಲ ರೇಖೆಗಿಂತ ಅರ್ಧ ಮೀಟರ್ ಹೆಚ್ಚುವರಿ ಇಳಿತ ಕಾಣಿಸಿಕೊಂಡದ್ದು 360ನೇ ನಿಮಿಷಕ್ಕೆ. ಈ ಹೆಚ್ಚುವರಿ ಇಳಿತ ಪ್ರತಿಬಿಂಬ ಬಾವಿಯ ಕೊಡುಗೆ. ಅದೇ ಇಳಿತ ತಲುಪಲು 36 ಪಟ್ಟು ಸಮಯ ಹಿಡಿದಿರುವುದರಿಂದ ಅದು ಬಂದ ದೂರ 36ರ ವರ್ಗಮೂಲದಷ್ಟು, ಅಂದರೆ ಆರು ಪಟ್ಟು: 180 ಮೀಟರ್. ಗೋಡೆ ಇರುವುದು ಬಾವಿಗೂ ಪ್ರತಿಬಿಂಬಕ್ಕೂ ಸರಿ ನಡುವೆ. ಹೀಗಾಗಿ ಅದು ಬಾವಿಯಿಂದ 75ರಿಂದ 105 ಮೀಟರ್ ದೂರದಲ್ಲಿರಬೇಕು.

ಯಾವ ದಿಕ್ಕಿನಲ್ಲಿ ಎಂಬುದು ಒಂದು ವೀಕ್ಷಣಾ ಬಾವಿಯಿಂದ ತಿಳಿಯದು. ಅದಕ್ಕೆ ಮೂರು ಬೇಕು. ಪ್ರತಿಯೊಂದರ ಸುತ್ತ ಲೆಕ್ಕಕ್ಕೆ ಸಿಕ್ಕ ದೂರದ ವೃತ್ತ ಎಳೆದರೆ, ಮೂರೂ ವೃತ್ತಗಳು ಸಂಧಿಸುವ ಸ್ಥಳವೇ ಪ್ರತಿಬಿಂಬದ ನೆಲೆ.

ಕೆರೆಯೂ ಒಂದು ಗಡಿ: ಎಲ್ಲ ಗಡಿಗಳೂ ಗೋಡೆಗಳಲ್ಲ. ನೆಲದೊಂದಿಗೆ ಸಂಪರ್ಕವಿರುವ ತುಂಬಿದ ಕೆರೆಯನ್ನೋ ಹರಿಯುವ ಹೊಳೆಯನ್ನೋ ಇಳಿತದ ಶಂಕು ಮುಟ್ಟಿದರೆ ಕಥೆ ತಿರುಗುಮುರುಗಾಗುತ್ತದೆ. ಇಲ್ಲಿ ಪ್ರತಿಬಿಂಬ ಬಾವಿ ನೀರನ್ನು ಎತ್ತುವುದಿಲ್ಲ, ಸುರಿಯುತ್ತದೆ. ರೇಖೆ ಮಟ್ಟಸವಾಗಿ, ಜಲಮಟ್ಟದ ಇಳಿತ ನಿಲ್ಲುತ್ತದೆ. ಪರೀಕ್ಷೆ ನಡೆಸಿದವರಿಗೆ ಇದಕ್ಕಿಂತ ಸಂತಸದ ನೋಟ ಇನ್ನೊಂದಿಲ್ಲ.

ಆದರೆ ಈ ಸಂತಸಕ್ಕೆ ಎರಡು ಷರತ್ತುಗಳುಂಟು. ಕೆರೆಯಲ್ಲಿ ನೀರಿರುವವರೆಗೆ ಮಾತ್ರ ಅದು ಮರುಪೂರಣದ ಗಡಿ. ಮಳೆಗಾಲ ಮುಗಿದೊಡನೆ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಏಪ್ರಿಲ್–ಮೇ ತಿಂಗಳಿಗೆ ಅನ್ವಯಿಸುವಂತಿಲ್ಲ. ಕೆರೆಯ ತಳದಲ್ಲಿ ಹೂಳು ತುಂಬಿದ್ದರೆ ಸಂಪರ್ಕವೂ ದುರ್ಬಲ. ಎರಡನೆಯದಾಗಿ, ಹೀಗೆ ಬರುವ ನೀರು ಕೆರೆಯ ನೀರೇ. ಕೆರೆಗೆ ಕೊಳಚೆ ಸೇರುತ್ತಿದ್ದರೆ ಬಾವಿಯ ನೀರಿನ ಗುಣಮಟ್ಟವನ್ನೂ ಪರೀಕ್ಷಿಸದೆ ಬಳಸುವುದು ಅಪಾಯಕಾರಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಹರಿಯುತ್ತಿರುವ ಕೋಲಾರ ಜಿಲ್ಲೆಯ ಕೆರೆಗಳ ಸುತ್ತ ನೀರಿನ ಪ್ರಮಾಣದ ಜತೆ ಗುಣಮಟ್ಟದ ಪ್ರಶ್ನೆಯೂ ಎದ್ದಿರುವುದಕ್ಕೆ ಹಿನ್ನೆಲೆ ಇದೇ.

ಪಕ್ಕದ ಮನೆಯೇ ಪ್ರತಿಬಿಂಬ: ನಗರವಾಸಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಡೈಕ್ ಇಲ್ಲದ ಕಡೆಯೂ ಗೋಡೆ ಹುಟ್ಟಬಹುದು. ಪ್ರತಿಬಿಂಬ ಬಾವಿ ಗಣಿತಜ್ಞರ ಕಲ್ಪನೆ. ಆದರೆ ಪಕ್ಕದ ನಿವೇಶನದಲ್ಲಿ ಅಷ್ಟೇ ನೀರೆತ್ತುವ ಇನ್ನೊಂದು ಕೊಳವೆಬಾವಿ ಇದ್ದರೆ ಆ ಕಲ್ಪನೆ ನಿಜವಾದಂತೆಯೇ. ಎರಡು ಬಾವಿಗಳ ನಡುವಿನ ಗೆರೆಯನ್ನು ನೀರು ದಾಟದು. ಅಲ್ಲೊಂದು ಕಾಣದ ಗೋಡೆ ಎದ್ದಿರುತ್ತದೆ. 30–40 ಅಡಿಯ ನಿವೇಶನಗಳ ಬಡಾವಣೆಯಲ್ಲಿ ಬಾವಿಯಿಂದ ಬಾವಿಗೆ 12 ಮೀಟರ್ ಅಂತರವಿದ್ದರೆ ಗೋಡೆ ಇರುವುದು ಆರೇ ಮೀಟರ್ ದೂರದಲ್ಲಿ. ನಾಲ್ಕೂ ದಿಕ್ಕಿಗೆ ಬಾವಿಗಳಿದ್ದರೆ ಪ್ರತಿ ಬಾವಿಯೂ ನಾಲ್ಕು ಗೋಡೆಗಳ ಕೋಣೆಯೊಳಗಿನ ನೀರಿಗಷ್ಟೇ ವಾರಸುದಾರ.

ಒಂದು ಬಾವಿ ಸೋತಾಗ ಅದೇ ಆವರಣದಲ್ಲಿ ಇನ್ನೊಂದನ್ನು ಕೊರೆಸುವುದು ವಸತಿ ಸಮುಚ್ಚಯಗಳಲ್ಲಿ ಸಾಮಾನ್ಯ. ಹೊಸ ಬಾವಿ ಬೇರೆ ಬಿರುಕಿನ ಜಾಲವನ್ನು ತಲುಪಿದರೆ ಪ್ರಯೋಜನವಾದೀತು. ಇಲ್ಲದಿದ್ದರೆ ಒಂದೇ ಕೊಡದಿಂದ ಇಬ್ಬರು ಮೊಗೆದಂತೆ. ಕೊಡದ ನೀರು ಹೆಚ್ಚದು, ಬೇಗ ಮುಗಿಯುತ್ತದೆ.

ಕಾನೂನಿನ ವೃತ್ತ: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ರಾಜ್ಯದ 1999ರ ಕಾಯ್ದೆ ನಿರ್ಬಂಧಿಸಿತು. ಕಾನೂನಿಗೆ ಒಂದು ನಿಶ್ಚಿತ ಅಳತೆ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಗಡಿಗಳಿರುವ ನೆಲದಲ್ಲಿ ಬಾವಿಯ ಪ್ರಭಾವ ವೃತ್ತಾಕಾರದಲ್ಲಿ ಹರಡುವುದಿಲ್ಲ. ಎರಡು ಡೈಕ್‌ಗಳ ನಡುವಿನ ಪಟ್ಟಿಯಲ್ಲಿ ಅದು ಉದ್ದುದ್ದಕ್ಕೆ ಬಹುದೂರ ಸಾಗಬಹುದು. ಡೈಕ್‌ನ ಆಚೆ 100 ಮೀಟರ್ ದೂರದ ಬಾವಿಗೆ ಅದರ ಸುಳಿವೂ ಸಿಗದಿರಬಹುದು. ಊರಿನ ಕುಡಿಯುವ ನೀರಿನ ಬಾವಿಯನ್ನು ಬತ್ತಿಸುತ್ತಿರುವವರು ಯಾರು ಎಂಬ ವಿವಾದದಲ್ಲಿ ಅಳತೆ ಪಟ್ಟಿಗಿಂತ ಪಂಪಿಂಗ್ ಪರೀಕ್ಷೆ ಹೆಚ್ಚು ನ್ಯಾಯವಾದ ಸಾಕ್ಷಿ.

ಎಚ್ಚರಿಕೆಯೂ ಅಗತ್ಯ: ಹಾಗೆಂದು ರೇಖೆ ಬಾಗಿದಾಗಲೆಲ್ಲ ಗೋಡೆಯೇ ಕಾರಣ ಎನ್ನುವಂತಿಲ್ಲ. ಪರೀಕ್ಷೆಯ ನಡುವೆ ಪಕ್ಕದವರು ಮೋಟಾರ್ ಹಾಕಿದರೂ, ವೋಲ್ಟೇಜ್ ಏರಿಳಿತದಿಂದ ಪಂಪ್‌ನ ಹರಿವು ಬದಲಾದರೂ, ನೀರಿನ ಮಟ್ಟ ಮುಖ್ಯ ಬಿರುಕಿಗಿಂತ ಕೆಳಗಿಳಿದರೂ ಇಳಿಜಾರು ಹೆಚ್ಚುತ್ತದೆ. ಎತ್ತಿದ ನೀರನ್ನು ಅಲ್ಲೇ ಹರಿಯಬಿಟ್ಟರೆ ಅದು ಮತ್ತೆ ಇಂಗಿ, ಇಲ್ಲದ ಕೆರೆಯೊಂದು ಇರುವಂತೆ ರೇಖೆ ಮಟ್ಟಸವಾಗಬಹುದು. ಮೇಲಿನ ಶಿಥಿಲ ಪದರದ ನೀರು ತಡವಾಗಿ ಇಳಿದು ಬಂದಾಗಲೂ ಸ್ವಲ್ಪ ಕಾಲ ಹೀಗೆಯೇ ಕಾಣುತ್ತದೆ. ಆದ್ದರಿಂದ ಭೂವೈಜ್ಞಾನಿಕ ನಕ್ಷೆ, ಸುತ್ತಲಿನ ಬಾವಿಗಳ ಮಾಹಿತಿ ಮತ್ತು ಪರೀಕ್ಷೆಯ ದಾಖಲೆ, ಈ ಮೂರನ್ನೂ ಜತೆಯಾಗಿ ಓದಬೇಕು.

ಬಳಕೆದಾರರು ಏನು ಮಾಡಬಹುದು?: ಮನೆಗೊಂದು ಬಾವಿ ಕೊರೆಸುವವರು ಮೂರು ದಿನ ಪರೀಕ್ಷೆ ನಡೆಸುವುದು ಕಷ್ಟಸಾಧ್ಯ. ಆದರೆ ನೂರಾರು ಕುಟುಂಬಗಳ ವಸತಿ ಸಮುಚ್ಚಯ, ಶಾಲೆ, ಆಸ್ಪತ್ರೆ ಅಥವಾ ಗ್ರಾಮದ ನೀರು ಪೂರೈಕೆಗೆ ಬಾವಿಯನ್ನು ನೆಚ್ಚುವವರು ಕನಿಷ್ಠ 24 ಗಂಟೆಗಳ ಪರೀಕ್ಷೆಗೆ ಒತ್ತಾಯಿಸಬೇಕು. ಪಂಪ್‌ನ ಹರಿವು ಒಂದೇ ಪ್ರಮಾಣದಲ್ಲಿರಬೇಕು. ವಿದ್ಯುತ್ ಕಡಿತವಾದರೆ ಜನರೇಟರ್ ಸಿದ್ಧವಿರಬೇಕು. ಎತ್ತಿದ ನೀರನ್ನು ಪೈಪ್ ಮೂಲಕ ದೂರಕ್ಕೆ ಸಾಗಿಸಬೇಕು. ಪಂಪ್ ನಿಲ್ಲಿಸಿದ ಮೇಲಿನ ಏರಿಕೆಯನ್ನೂ ಅಳೆಯಬೇಕು. ಎತ್ತಿದಷ್ಟೇ ಹೊತ್ತು ಬಿಟ್ಟರೂ ಮಟ್ಟ ಮೊದಲಿನ ಹತ್ತಿರಕ್ಕೂ ಬಾರದಿದ್ದರೆ ಸುತ್ತ ಗೋಡೆಗಳಿರುವ ಶಂಕೆ ಬಲವಾಗುತ್ತದೆ. ಪಂಪ್‌ನ ಗಾತ್ರವನ್ನು ನಿರ್ಧರಿಸಬೇಕಾದದ್ದು ರೇಖೆಯ ಮೊದಲ ಭಾಗದಿಂದಲ್ಲ, ಕೊನೆಯ ಭಾಗದಿಂದ.

ಗೋಡೆ ಇದೆ ಎಂದು ತಿಳಿದ ಮಾತ್ರಕ್ಕೆ ಬಾವಿ ನಿರುಪಯುಕ್ತವಾಗದು. ಕಡಿಮೆ ಸಾಮರ್ಥ್ಯದ ಪಂಪ್, ನಡುನಡುವೆ ವಿರಾಮ, ಅದೇ ಆವರಣದಲ್ಲಿ ಮಳೆನೀರಿನ ಇಂಗುಗುಂಡಿ ಇವುಗಳಿಂದ ಅದನ್ನು ವರ್ಷಗಟ್ಟಲೆ ಬಾಳಿಸಬಹುದು. ಸುತ್ತಲೂ ಮುಚ್ಚಿದ ಕೋಣೆಯಲ್ಲಿ ಇಂಗಿಸಿದ ನೀರು ಬೇರೆಲ್ಲಿಗೂ ಹೋಗದೆ ಅಲ್ಲಿಯೇ ಉಳಿಯುತ್ತದೆ ಎಂಬುದು ಗೋಡೆಯಿಂದ ದೊರೆಯುವ ಅನುಕೂಲ. ಎಷ್ಟು ಇಂಗಿಸಿದೆವು, ಎಷ್ಟು ಎತ್ತಿದೆವು ಎಂಬ ಲೆಕ್ಕವನ್ನು ಅಲ್ಲಿನ ಬಳಕೆದಾರರೇ ಒಟ್ಟಾಗಿ ಇಡಬೇಕಾಗುತ್ತದೆ. ಮೂರು ಇಂಚು ಬಂತೇ ಎಂಬ ಪ್ರಶ್ನೆಯ ಜತೆಗೆ, ಎಷ್ಟು ಹೊತ್ತು ಬಂತು, ಮಟ್ಟ ಎಷ್ಟು ಇಳಿಯಿತು, ಎಷ್ಟು ಮರಳಿತು ಎಂಬ ಪ್ರಶ್ನೆಗಳನ್ನೂ ಕೇಳುವ ರೂಢಿ ಬೆಳೆದರೆ ಕೊರೆಯುವ ಹಣವೂ ನೆಲದ ನೀರೂ ಉಳಿದಾವು.